14 ತಿಂಗಳು ಎಲ್ಲಿ ಹೋದವು? ಭೋಜದ ಸಂಗಮದಿಂದ ಧಾರವಾಡದ ಆಸ್ಪತ್ರೆಯವರೆಗೆ

ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಊರು ಭೋಜ. ನಿಪ್ಪಾಣಿಯಿಂದ ಬಸ್ ಹತ್ತಿದರೆ ದಾರಿಯ ಎರಡೂ ಬದಿ ಕಬ್ಬು, ನಡುನಡುವೆ ತಂಬಾಕು. ಬಸ್ಸಿನಲ್ಲಿ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತದೆ. ಜೈನ ಮುನಿ ಆಚಾರ್ಯ ಶಾಂತಿಸಾಗರರ ಮನೆತನದ ಊರೆಂದು ದೂರದವರಿಗೂ ಇದು ಗೊತ್ತು. ನಮ್ಮ ಗುಂಪಿಗೆ ಭೋಜ ಎಂದರೆ ಮೊದಲು ನೆನಪಾಗುವುದು ಆ ಭಾಗದ ಒಬ್ಬ ಗೆಳೆಯ. ನಮ್ಮ ಜೊತೆಗೇ ಪತ್ರಿಕೋದ್ಯಮ ಓದಿದವನು. ಹೆಸರು ಬರೆಯಬೇಡಿ, ಆದರೆ ಬರೆಯಿರಿ ಎಂದಿದ್ದಾನೆ.

ಎರಡನೆಯ ವರ್ಷ ಅವನು ಹಾಸ್ಟೆಲಿನಲ್ಲಿ ರಾತ್ರಿ ನಿದ್ದೆ ಬಿಟ್ಟ. ಆಮೇಲೆ ಊಟಕ್ಕೆ ನಮ್ಮ ಜೊತೆ ಬರುವುದನ್ನು ಬಿಟ್ಟ. ಒಂದು ದಿನ ರೇಡಿಯೋ ಆರಿಸಿ, "ಬಾತ್ಮಿ ಓದೋರು ನನ್ನ ಬಗ್ಗೆನ ಹೇಳಾಕತ್ತಾರ" ಎಂದ. ಪತ್ರಿಕೋದ್ಯಮದ ಹುಡುಗರು ನಾವು, ನಕ್ಕುಬಿಟ್ಟೆವು. ದೀಪಾವಳಿಗೆ ಊರಿಗೆ ಹೋದವನು ತಿರುಗಿ ಬರಲಿಲ್ಲ.

ಮನೆಯವರು ಮೊದಲು ಪರೀಕ್ಷೆಯ ಟೆನ್ಷನ್ ಅಂದುಕೊಂಡರು. ನಂತರ ಹೊರಗಿನ ಗಾಳಿ ಬಡಿದಿದೆ ಎಂದಾಯಿತು. ಚಿಂಚಲಿ ಮಾಯಕ್ಕನಿಗೆ ಹರಕೆ ಕಟ್ಟಿದರು. ಒಬ್ಬ ವೈದ್ಯರು ನಿದ್ದೆ ಗುಳಿಗೆ ಬರೆದುಕೊಟ್ಟರು. "ಲಗ್ನ ಮಾಡಿದ್ರ ಸುದ್ ಆಕ್ಕಾನ" ಎಂದು ಕಾಕಾ ಹೆಣ್ಣು ನೋಡಲು ಹೊರಟರು. ಕೊನೆಗೆ ಒಂದು ರಾತ್ರಿ ಹೆದ್ದಾರಿಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದವನನ್ನು ಪೊಲೀಸರು ಮನೆಗೆ ಮುಟ್ಟಿಸಿದಾಗ, ಮನೋವೈದ್ಯರ ಬಳಿ ಕರೆದೊಯ್ದರು. ವೈದ್ಯರು ಅವ್ವನಿಗೆ ಕೇಳಿದ ಮೊದಲ ಪ್ರಶ್ನೆ: "ಇದು ಶುರುವಾಗಿದ್ದು ಯಾವಾಗರಿ?" ಅವ್ವನಿಗೆ ಗೊತ್ತಿರಲಿಲ್ಲ. ನಮಗೆ ಫೋನ್ ಬಂತು. ನಾವು ಕೂತು ಲೆಕ್ಕ ಹಾಕಿದೆವು. 14 ತಿಂಗಳು.

ಇಲ್ಲದ ದನಿ ಕೇಳುವುದು, ಬುಡವಿಲ್ಲದ ಸಂಶಯ ಗಟ್ಟಿಯಾಗಿ ಕೂರುವುದು, ಯೋಚನೆಯ ಎಳೆ ಕಡಿದುಹೋಗುವುದು, ಇದನ್ನು ಮನೋವೈದ್ಯರು ಸೈಕೋಸಿಸ್ ಎನ್ನುತ್ತಾರೆ, ಕನ್ನಡದಲ್ಲಿ ಚಿತ್ತವಿಕಲತೆ. ಹೆಚ್ಚಾಗಿ ಶುರುವಾಗುವುದು ಹದಿನೈದರಿಂದ ಮೂವತ್ತರ ವಯಸ್ಸಿನೊಳಗೆ, ಅಂದರೆ ಓದು, ನೌಕರಿ, ಮದುವೆಯ ಹೊಸ್ತಿಲಲ್ಲಿ. ಕಾಯಿಲೆ ಶುರುವಾದ ದಿನದಿಂದ ಸರಿಯಾದ ಚಿಕಿತ್ಸೆ ಸಿಗುವ ದಿನದವರೆಗಿನ ಅವಧಿಯನ್ನು ಈ ವಿಭಾಗದ ವೈದ್ಯರು ಲೆಕ್ಕ ಹಾಕಿ ಬರೆದಿಡುತ್ತಾರೆ. ಅದು ಉದ್ದವಾದಷ್ಟೂ ಚೇತರಿಕೆ ಕಷ್ಟ. ಅದನ್ನು ಮೊಟಕು ಮಾಡುವುದೇ ಅವರ ಕೆಲಸದ ಮೊದಲ ಗುರಿ.

ಆ 14 ತಿಂಗಳಿಗೆ ಯಾರನ್ನು ಬೈಯಬೇಕು ಎಂದು ನಾವು ಬಹಳ ದಿನ ಯೋಚಿಸಿದೆವು. ಹಳೆಯ ಕಾಯಿದೆ, ವರದಿಗಳನ್ನು ಓದುತ್ತಾ ಹೋದಂತೆ ಗೊತ್ತಾಗಿದ್ದು ಇಷ್ಟು: ನಮ್ಮ ಸೀಮೆಯಲ್ಲಿ ಮನಸ್ಸಿನ ಕಾಯಿಲೆಯ ವ್ಯವಸ್ಥೆ ಕಟ್ಟಿದ್ದೇ ಕಾಯಿಲೆಯ ಕೊನೆಯನ್ನು ನೋಡಲು. ಅದರ ಶುರುವನ್ನು ನೋಡಲು ಯಾರನ್ನೂ ಕೂರಿಸಿರಲಿಲ್ಲ.

ಪೊಲೀಸರು ತರುತ್ತಿದ್ದ ರೋಗಿ

ಇಂದಿನ ನಿಪ್ಪಾಣಿ ತಾಲ್ಲೂಕು ಮೊನ್ನೆಮೊನ್ನೆಯವರೆಗೆ ಚಿಕ್ಕೋಡಿ ತಾಲ್ಲೂಕಿನಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ ಸೀಮೆ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ಭಾಗ. ಈ ಕಡೆಯ ಜನರಿಗೆ ಕನ್ನಡ ನಾಡಿನಲ್ಲಿದ್ದ ಹುಚ್ಚಾಸ್ಪತ್ರೆ ಧಾರವಾಡದ್ದು. 1845ರಲ್ಲಿ ಶುರುವಾದ ಅದೇ ಸಂಸ್ಥೆ ಇಂದಿನ ಡಿಮ್ಹಾನ್ಸ್. ಭೋಜದಿಂದ ಅಲ್ಲಿಗೆ 150 ಕಿಲೋಮೀಟರಿಗೂ ಹೆಚ್ಚು. ಆಗ ಈ ದಾರಿಗೆ ರೈಲೂ ಇರಲಿಲ್ಲ. ಚಕ್ಕಡಿ ಹೂಡಿಕೊಂಡು, ಹಿಡಿತ ತಪ್ಪಿದ ಮಗನನ್ನು ಕೂರಿಸಿಕೊಂಡು ಅಷ್ಟು ದೂರ ಯಾರು ಹೋದಾರು? ಬೇರೆ ಯಾವ ದಾರಿಯೂ ಉಳಿಯದಿದ್ದಾಗ ಹೋದಾರು.

ಕಾಯಿದೆಯೂ ಹಾಗೇ ಇತ್ತು. 1858ರ 36ನೆಯ ಕಾಯಿದೆಯ ಪ್ರಕಾರ ಬೀದಿ ಅಲೆಯುವ ಇಲ್ಲವೇ ಅಪಾಯಕಾರಿ ಎನಿಸಿದ ಹುಚ್ಚರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಸರ್ಕಾರಿ ವೈದ್ಯರು ಸರ್ಟಿಫಿಕೇಟು ಕೊಟ್ಟರೆ ಮ್ಯಾಜಿಸ್ಟ್ರೇಟರು ಆಸ್ಪತ್ರೆಗೆ ಕಳಿಸುತ್ತಾರೆ. ಮನೆಯೊಳಗೆ ಮುಸುಕು ಹೊದ್ದು ಮಲಗಿದ, ಮಾತು ಬಿಟ್ಟ ಹತ್ತೊಂಬತ್ತರ ಹುಡುಗ ಆ ಕಾಯಿದೆಯ ಕಣ್ಣಿಗೆ ಬೀಳುವವನೇ ಅಲ್ಲ. ಅವನು ಬೀದಿಗೆ ಬೀಳಬೇಕು, ಯಾರಿಗಾದರೂ ಕಲ್ಲು ಬೀಸಬೇಕು, ಆಗ ಅವನು ರೋಗಿ.

ಕಾಯಿಲೆ ಹೇಗೆ ಶುರುವಾಯಿತು ಎಂದು ಆ ವ್ಯವಸ್ಥೆ ಕೇಳುತ್ತಿರಲಿಲ್ಲ ಎನ್ನುವುದಕ್ಕೆ ಸರ್ಕಾರದ್ದೇ ಸಾಕ್ಷಿ ಇದೆ. ಗಾಂಜಾ, ಭಂಗಿಯಿಂದ ಹುಚ್ಚು ಹಿಡಿಯುತ್ತದೆಯೇ ಎಂದು ತಿಳಿಯಲು 1893-94ರಲ್ಲಿ ಒಂದು ಆಯೋಗ ಕೂತಿತು. ಹುಚ್ಚಾಸ್ಪತ್ರೆಗಳ ರಿಜಿಸ್ಟರಿನಲ್ಲಿ 'ಕಾರಣ' ಎಂಬ ಕಾಲಂ ಇತ್ತು, ಅದರಲ್ಲಿ ಬಹಳಷ್ಟು ಹೆಸರುಗಳ ಮುಂದೆ ಗಾಂಜಾ ಎಂದಿತ್ತು. ಆಯೋಗ 1892ರ ದಾಖಲಾತಿಗಳನ್ನು ಮರುಪರಿಶೀಲಿಸಿತು. ತಿಳಿದದ್ದೇನು? ರೋಗಿಯ ಜೊತೆ ಬಂದ ಪೊಲೀಸ್ ಕಾಗದದಲ್ಲಿ ಏನಿತ್ತೋ ಅದೇ ರಿಜಿಸ್ಟರಿಗೆ ಇಳಿದಿತ್ತು. ಕಾಲಂ ಖಾಲಿ ಬಿಡಬಾರದು, ಏನೋ ಒಂದು ಬರೆಯಬೇಕು. ಅನೇಕ ಪ್ರಕರಣಗಳಲ್ಲಿ ವಿಚಾರಣೆಯೇ ನಡೆದಿರಲಿಲ್ಲ. ಆ ಅಂಕಿಅಂಶ ನಂಬಿಕೆಗೆ ಅರ್ಹವಲ್ಲ ಎಂದು ಆಯೋಗ ತೀರ್ಮಾನಿಸಿತು. ಎಳೆಯ ವಯಸ್ಸಿನಲ್ಲಿ ವಿಪರೀತ ಗಾಂಜಾ ಸೇದಿದರೆ ಚಿತ್ತವಿಕಲತೆಯ ಅಪಾಯ ಹೆಚ್ಚು ಎಂದು ಇಂದಿನ ಸಂಶೋಧನೆ ಹೇಳುತ್ತದೆ. ಆದರೆ ಅದು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ ಕಂಡುಕೊಂಡ ಮಾತು, ಕಾಲಂ ತುಂಬಿದ್ದಲ್ಲ. ಸಿಕ್ಕ ಕಾಗದವನ್ನೇ ಸುದ್ದಿ ಮಾಡುವ ನಮ್ಮ ವೃತ್ತಿಗೂ ಇದರಲ್ಲಿ ಪಾಠವಿದೆ.

20ನೆಯ ಶತಮಾನದ ಶುರುವಿನಲ್ಲಿ ಈ ಆಸ್ಪತ್ರೆಗಳು ಜೈಲು ಅಧಿಕಾರಿಗಳ ಉಸ್ತುವಾರಿಯಿಂದ ವೈದ್ಯರ ಕೈಗೆ ಬಂದವು. 1912ರಲ್ಲಿ ಹೊಸ ಕಾಯಿದೆ ಬಂತು. 1920ರ ಹೊತ್ತಿಗೆ ಬೋರ್ಡಿನ ಮೇಲಿನ ಹೆಸರು 'ಮಾನಸಿಕ ಆಸ್ಪತ್ರೆ' ಎಂದಾಗತೊಡಗಿತು. ಬೋರ್ಡು ಬದಲಾದರೂ ಗೇಟು ಅದೇ. 1946ರ ಭೋರ್ ಸಮಿತಿಯ ವರದಿ ಹೇಳುವಂತೆ ದೇಶದಲ್ಲಿ ಮನೋರೋಗಿಗಳಿಗಿದ್ದದ್ದು ಸುಮಾರು 10,000 ಹಾಸಿಗೆ, ಅಂದರೆ 40,000 ಜನಕ್ಕೆ ಒಂದು. ಭೋಜದಂಥ ನಾಲ್ಕಾರು ಊರು ಸೇರಿಸಿದರೂ ಒಂದು ಹಾಸಿಗೆಗೆ ಸಾಲದು.

ಮದ್ದು ಬಂತು, ಮನೆಯವರು ಬಂದರು

ಭೋರ್ ಸಮಿತಿಯ ಶಿಫಾರಸಿನಿಂದ ಆದ ಒಂದು ದೊಡ್ಡ ಕೆಲಸ ಬೆಂಗಳೂರಿನದು. ಅಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಮೊದಲೇ ಇತ್ತು. 1954ರಲ್ಲಿ ಅದರ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರು. ಅಲ್ಲಿಯವರೆಗೆ ಮನೋವೈದ್ಯ ಕಲಿಯಲು ಅನೇಕರು ವಿಲಾಯತಿಗೆ ಹೋಗುತ್ತಿದ್ದರು. ಇನ್ನು ಮುಂದೆ ಇಲ್ಲೇ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಮನೋರೋಗ ಶುಶ್ರೂಷಕರು ತಯಾರಾಗತೊಡಗಿದರು. 1974ರ ಡಿಸೆಂಬರಿನಲ್ಲಿ ಆ ಎರಡೂ ಸಂಸ್ಥೆ ಕೂಡಿ ನಿಮ್ಹಾನ್ಸ್ ಆಯಿತು.

ಅದೇ ಹೊತ್ತಿಗೆ ಮದ್ದೂ ಬಂತು. ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಆಗುತ್ತದೆ ಎಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೀನ್ ಎಂಬ ಔಷಧ ಬಳಸಿ ನೋಡಿದರು. ಕೇಳುವ ದನಿಗಳು ತಗ್ಗಿದವು, ಸಂಶಯ ಸಡಿಲವಾಯಿತು. ಕೆಲವೇ ವರ್ಷಗಳಲ್ಲಿ ಅದು ಭಾರತಕ್ಕೂ ಬಂತು. ಮನೆಯಲ್ಲೇ ಇದ್ದು ಗುಳಿಗೆ ನುಂಗಬಹುದು ಎಂದಾದ ಮೇಲೆ ಎತ್ತರದ ಗೋಡೆಯ ಅಗತ್ಯವೇ ಪ್ರಶ್ನೆಯಾಯಿತು.

ಇನ್ನೊಂದು ಬದಲಾವಣೆ ಔಷಧದಷ್ಟೇ ದೊಡ್ಡದು. 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹೊಡೆಸಿ, ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲೂ ಅದೇ ಪದ್ಧತಿ ಬೆಳೆಯಿತು. ಮನೆಯವರು ಜೊತೆಗಿದ್ದರೆ ರೋಗಿ ಬೇಗ ಮನೆಗೆ ಮರಳುತ್ತಾನೆ, ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಮಾತೇ ಇಲ್ಲ. ಶುರುವಿನ ಲಕ್ಷಣ ನೋಡಿದವರೂ ಅವರೇ. ವೈದ್ಯರು ಮೊದಲ ಸಲ ಅವ್ವನನ್ನು ಕೇಳಿದರು: ಯಾವಾಗಿನಿಂದ ಹೀಗೆ?

1956ರಲ್ಲಿ ಬೆಳಗಾವಿ ಮತ್ತು ಧಾರವಾಡ ಎರಡೂ ಮೈಸೂರು ರಾಜ್ಯಕ್ಕೆ ಬಂದವು. ಗಡಿ ಎಲ್ಲಿ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಆದರೆ ನಿಪ್ಪಾಣಿ ಕಡೆಯವರು ಕಾಯಿಲೆ ಬಿದ್ದಾಗ ಗಡಿ ನೋಡಿದವರಲ್ಲ. ಕೊಲ್ಲಾಪುರ ಹತ್ತಿರ, ಮೀರಜ್ ಹತ್ತಿರ. ಧಾರವಾಡ ಮಾತ್ರ ದೂರ. 'ಧಾರವಾಡಕ್ಕ ಕಳಸಬೇಕು' ಎಂಬುದು ನಮ್ಮ ಕಡೆ ಬೈಗುಳವಾಗಿ ಉಳಿಯಿತು. ಆ ಬೈಗುಳ ಎಷ್ಟು ಹುಡುಗರ ಎಷ್ಟು ತಿಂಗಳು ತಿಂದಿದೆಯೋ.

ಹಳ್ಳಿಗೆ ಹೊರಟ ವೈದ್ಯರು

ಜನ ಆಸ್ಪತ್ರೆಗೆ ಬರದಿದ್ದರೆ ಆಸ್ಪತ್ರೆ ಜನರ ಬಳಿ ಹೋಗಬೇಕು. ಈ ಯೋಚನೆ ಕರ್ನಾಟಕದಲ್ಲಿ ಶುರುವಾದದ್ದು 1975ರಲ್ಲಿ, ನಿಮ್ಹಾನ್ಸ್ ಸಮುದಾಯ ಮಾನಸಿಕ ಆರೋಗ್ಯ ಘಟಕ ತೆರೆದಾಗ. ಬೆಂಗಳೂರಿನ ಹೊರಗಿನ ಸಕಲವಾರ ಅದರ ಹಳ್ಳಿ ಕೇಂದ್ರ. ಡಾ. ಆರ್.ಎಲ್. ಕಪೂರ್ ಮತ್ತು ಅವರ ಜೊತೆಗಾರರು ಅಲ್ಲಿ ಪರೀಕ್ಷಿಸಿದ್ದು ಸರಳ ಪ್ರಶ್ನೆಯನ್ನು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ಕೆಲವು ವಾರ ಕಲಿಸಿದರೆ ಅವರು ಚಿತ್ತವಿಕಲತೆಯನ್ನು ಗುರುತಿಸಿ ಔಷಧ ಕೊಡಬಲ್ಲರೇ? ಕೊಡಬಲ್ಲರು ಎಂದು ಗೊತ್ತಾಯಿತು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಿದ್ದು ಬಳ್ಳಾರಿಯಲ್ಲಿ, 1985ರಿಂದ. ನಾಲ್ಕಾರು ಅಗತ್ಯ ಔಷಧ, ಸರಳ ದಾಖಲೆ, ತರಬೇತಾದ ಸ್ಥಳೀಯ ವೈದ್ಯರು, ಜಿಲ್ಲಾ ಮಟ್ಟದಲ್ಲಿ ಒಬ್ಬ ಮನೋವೈದ್ಯರು. ಈ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ದೇಶದ ಯಾವ ಜಿಲ್ಲೆಯಲ್ಲಿ ಮನೋವೈದ್ಯರ ಸರ್ಕಾರಿ ತಂಡ ಕಂಡರೂ ಅದರ ಬೇರು ನಮ್ಮ ಬಳ್ಳಾರಿಯಲ್ಲಿದೆ.

ಈ ಶತಮಾನದಲ್ಲಿ ನಿಮ್ಹಾನ್ಸ್ ತಂಡ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಮೇಲೆ ತುರುವೇಕೆರೆಯಲ್ಲಿ, ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿ ಸುತ್ತಿ ಹುಡುಕಿತು. ವರ್ಷಗಟ್ಟಲೆ ಒಂದೂ ಗುಳಿಗೆ ಕಾಣದವರು ಸಿಕ್ಕರು. ಔಷಧ ಮನೆಬಾಗಿಲಿಗೆ ಮುಟ್ಟಿದಾಗ, ಯಾರಾದರೂ ಆಗಾಗ ಹೋಗಿ ವಿಚಾರಿಸಿದಾಗ, ಅವರಲ್ಲಿ ಅನೇಕರು ಮತ್ತೆ ಹೊಲಮನೆಯ ಕೆಲಸಕ್ಕೆ ಮರಳಿದರು. ತಡವಾದರೂ ಚಿಕಿತ್ಸೆ ವ್ಯರ್ಥವಲ್ಲ ಎಂದು ತೀರ್ಥಹಳ್ಳಿ ತೋರಿಸಿತು. ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಎಂಬ ಪ್ರಶ್ನೆಯನ್ನೂ ಎತ್ತಿತು.

ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂರಬೇಕು ಎಂಬುದು ಅದರ ಸಾರ. 1845ರ ಧಾರವಾಡದಿಂದ ತಾಲ್ಲೂಕಿನ ಮಂಗಳವಾರದವರೆಗೆ ಬರಲು ಸುಮಾರು 170 ವರ್ಷ ಹಿಡಿಯಿತು.

ಹಳ್ಳಿಗೆ ಹೊರಟವರಲ್ಲಿ ಪುಸ್ತಕಗಳನ್ನೂ ಎಣಿಸಬೇಕು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಸರಳ ಕನ್ನಡದಲ್ಲಿ ನೂರಕ್ಕೂ ಹೆಚ್ಚು ಪುಸ್ತಕ ಬರೆದರು. ತಾಲ್ಲೂಕು ಲೈಬ್ರರಿಗಳಲ್ಲಿ ನಾವು ಅವನ್ನು ನೋಡಿದ್ದೇವೆ. ಓದದೆ ಮುಂದೆ ಹೋಗಿದ್ದೆವು, ಅಷ್ಟೆ.

ಮೊದಲ ದಿನಗಳ ವೈದ್ಯ

ಇಷ್ಟೆಲ್ಲ ಆದಮೇಲೂ ಗಮನವೆಲ್ಲ ಹಳೆಯ ರೋಗಿಗಳ ಮೇಲೇ ಇತ್ತು. ಹೊಸದಾಗಿ ಕಾಯಿಲೆ ಬಿದ್ದ ಹುಡುಗ, ಹುಡುಗಿಗೇ ಬೇರೆ ಬಾಗಿಲು ಬೇಕು ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಆಸ್ಟ್ರೇಲಿಯಾದ ಪ್ಯಾಟ್ರಿಕ್ ಮೆಕ್‌ಗೋರಿ ಮುಖ್ಯರು. 1992ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ತಂಡ ಮೊದಲ ಸಲ ಚಿತ್ತವಿಕಲತೆಗೆ ಒಳಗಾದ ಯುವಜನರಿಗಾಗಿಯೇ ಕೇಂದ್ರ ತೆರೆಯಿತು. ಇಪ್ಪತ್ತು ವರ್ಷದಿಂದ ವಾರ್ಡಿನಲ್ಲಿರುವವರ ಪಕ್ಕದ ಹಾಸಿಗೆಯಲ್ಲಿ ಹದಿನೆಂಟರ ಹುಡುಗನನ್ನು ಮಲಗಿಸಿದರೆ ಅವನು ಅಲ್ಲಿ ತನ್ನ ಮುಂದಿನ ಬದುಕನ್ನು ನೋಡಿ ಧೈರ್ಯ ಕಳೆದುಕೊಳ್ಳುತ್ತಾನೆ ಎಂಬುದು ಅವರ ವಾದ. ಇಂಗ್ಲೆಂಡಿನಲ್ಲಿ 2016ರಿಂದ ಇಂಥ ಯುವಜನರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂಬ ಗುರಿ ಇಟ್ಟರು.

ನಮ್ಮಲ್ಲೂ ಕೆಲಸ ನಡೆದಿತ್ತು. ಮದ್ರಾಸಿನಲ್ಲಿ 1981ರಿಂದ ಮೊದಲ ಸಲ ಸ್ಕಿಜೋಫ್ರೇನಿಯಾಕ್ಕೆ ಒಳಗಾದ 90 ಜನರನ್ನು ವೈದ್ಯರು ದಶಕಗಳ ಕಾಲ ಬೆನ್ನುಹತ್ತಿ ನೋಡಿದರು. 1984ರಲ್ಲಿ ಡಾ. ಶಾರದಾ ಮೆನನ್ ಅಲ್ಲಿ ಸ್ಕಾರ್ಫ್ ಸಂಸ್ಥೆ ಕಟ್ಟಿದರು. ಡಾ. ಆರ್. ತಾರಾ ಮತ್ತು ಜೊತೆಗಾರರ ಆ ಅಧ್ಯಯನ ಹೇಳಿದ್ದು: ಈ ಕಾಯಿಲೆ ಬಂದವರ ಬದುಕೇ ಮುಗಿಯಿತು ಎನ್ನುವುದು ತಪ್ಪು. ಚಿಕಿತ್ಸೆ ಸಿಕ್ಕವರಲ್ಲಿ ಬಹಳಷ್ಟು ಜನ ದುಡಿದರು, ಸಂಸಾರ ಮಾಡಿದರು. ಲಗ್ನದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ನಂಬಿ ಕೈಹಿಡಿಸಿದ ಹೆಣ್ಣುಮಕ್ಕಳನ್ನು ಗಂಡಂದಿರು ಬಿಟ್ಟುಹೋದ ಕಥೆಗಳನ್ನೂ ಅವರೇ ದಾಖಲಿಸಿದರು.

ಹಾಗಾದರೆ ಈ ವೈದ್ಯರ ದಿನದ ಕೆಲಸ ಏನು? ನಮ್ಮ ಗೆಳೆಯನ ಜೊತೆ ಹೋದಾಗ ಹೊರಗೆ ಕೂತು, ಒಳಗೆ ಕೂತು ನೋಡಿದ್ದನ್ನು ಹೇಳುತ್ತೇವೆ. ಮೊದಲು ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಮಾತಾಡಿದರು. ಅವನು ಹೇಳಿದ್ದಕ್ಕೆ ನಗಲಿಲ್ಲ, ವಾದಿಸಲಿಲ್ಲ, ಹೌದೆಂದೂ ಅನ್ನಲಿಲ್ಲ. "ಆ ದನಿ ಕೇಳಿದಾಗ ನಿನಗೆ ಹೆದರಿಕೆ ಆಗ್ತದೇನಪಾ?" ಎಂದು ಕೇಳಿದರು. ಅವನು ಅತ್ತ. 14 ತಿಂಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ.

ನಂತರ ಜ್ವರ, ಮೂರ್ಛೆ, ಥೈರಾಯ್ಡ್, ನಶೆ, ಇವುಗಳಿಂದ ಹೀಗಾಗಿದೆಯೇ ಎಂದು ಪರೀಕ್ಷೆ ಮಾಡಿಸಿದರು. ಕಾಯಿಲೆಗೆ ಆ ದಿನವೇ ದೊಡ್ಡ ಹೆಸರು ಕೊಡಲಿಲ್ಲ. ಮೊದಲ ಸಲ ಬಂದದ್ದು ಮುಂದೆ ಯಾವ ರೂಪ ತಾಳುತ್ತದೆ ಎಂದು ತಿಳಿಯಲು ಕಾಲ ಬೇಕು ಎಂದರು. ಔಷಧ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು. ಪರಿಣಾಮ ಕಾಣಲು ಕೆಲವು ವಾರ ಬೇಕು, ನಿದ್ದೆ ಹೆಚ್ಚಾಗಬಹುದು, ತೂಕ ಏರಬಹುದು, ಕೈ ನಡುಗಿದರೆ ನಿಲ್ಲಿಸದೆ ಫೋನ್ ಮಾಡಿ ಎಂದು ಮೊದಲೇ ಹೇಳಿದರು. ಆರಾಮ ಅನಿಸಿದ ತಕ್ಷಣ ಗುಳಿಗೆ ಬಿಡುವುದೇ ಕಾಯಿಲೆ ಮರುಕಳಿಸಲು ದೊಡ್ಡ ಕಾರಣ, ಅದಕ್ಕೆ ವರ್ಷಗಟ್ಟಲೆ ಮುಂದುವರಿಸಬೇಕಾಗಬಹುದು ಎಂದರು.

ಕೊನೆಗೆ ಮನೆಯವರ ಸರದಿ. ಅವ್ವ ಹರಕೆಯ ಮಾತು ತೆಗೆದಾಗ ಬೈಯುತ್ತಾರೆ ಎಂದು ನಾವು ಕಾದಿದ್ದೆವು. "ಹರಕಿ ತೀರಿಸ್ರಿ ಅವ್ವಾ, ಆದರ ಅಲ್ಲಿ ಹೋದಾಗನೂ ಗುಳಿಗಿ ತಪ್ಪಿಸಬ್ಯಾಡ್ರಿ" ಎಂದರು. ಕಾಕಾನಿಗೆ ಮಾತ್ರ ಖಡಕ್ಕಾಗಿ ಹೇಳಿದರು: ಲಗ್ನ ಔಷಧವಲ್ಲ. ಓದು ಮುಗಿಸುತ್ತೀಯಾ ಎಂದು ಗೆಳೆಯನನ್ನು ಕೇಳಿದರು. ಆ ಪ್ರಶ್ನೆಗೆ ಅವನು ತಲೆ ಎತ್ತಿದ. ದನಿ ತಗ್ಗಿಸುವುದು ಅರ್ಧ ಕೆಲಸ, ಬಿಟ್ಟ ಬದುಕನ್ನು ಮತ್ತೆ ಕೈಗೆ ಕೊಡುವುದು ಇನ್ನರ್ಧ.

ಇನ್ನೂ ನಡುವೆ ನಿಂತಿರುವುದು

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಗುಡಿಸಲಿಗೆ ಬೆಂಕಿ ಬಿತ್ತು. ದರ್ಗಾಕ್ಕೆ ಹರಕೆ ಹೊತ್ತು ಬಂದ ಮನೋರೋಗಿಗಳನ್ನು ಅಲ್ಲಿ ಸರಪಳಿಯಿಂದ ಕಟ್ಟಿದ್ದರು. 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ಪೂರ್ತಿ ನಿಷೇಧಿಸಿತು. ಚಿಕಿತ್ಸೆ ಪಡೆಯುವುದನ್ನು ಹಕ್ಕು ಮಾಡಿತು. 1858ರ ಕಾಯಿದೆ ಸಮಾಜವನ್ನು ರೋಗಿಯಿಂದ ಕಾಪಾಡಲು ಬಂದದ್ದು, ಇದು ರೋಗಿಯನ್ನು ಕಾಪಾಡಲು ಬಂದದ್ದು. ಆದರೂ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಬೇರೆಬೇರೆ ಮನೋರೋಗಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ 70ರಿಂದ 92 ಪ್ರತಿಶತ ಇತ್ತು.

ಕಾಯಿದೆ ಬಂದಿದೆ, ಗುಳಿಗೆ ಬಂದಿದೆ, ಮಂಗಳವಾರ ಬಂದಿದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೂ. ಹಾಗಿದ್ದೂ 14 ತಿಂಗಳು ಹೋದವು. ಅದರಲ್ಲಿ ಮೊದಲ ಎರಡು ತಿಂಗಳು ನಮ್ಮವು. ಅವನ ಅವ್ವನಿಗಿಂತ ಮೊದಲು ನೋಡಿದವರು ನಾವು, ಹಾಸ್ಟೆಲಿನ ಪಕ್ಕದ ಹಾಸಿಗೆಯವರು. ರೇಡಿಯೋ ಮಾತಿಗೆ ನಗದೆ, ಆ ರಾತ್ರಿ ಅವನ ಪಕ್ಕ ಕೂತು ಕೇಳಿದ್ದರೆ ಸಾಕಿತ್ತು.

ಇನ್ನೊಂದು ತಪ್ಪೂ ನಮ್ಮದೇ. 'ಹುಚ್ಚನ ಅವಾಂತರ', 'ಮಾನಸಿಕ ಅಸ್ವಸ್ಥನ ರಂಪಾಟ' ಎಂಬ ತಲೆಬರಹಗಳನ್ನು ನಾವೂ ಬರೆದಿದ್ದೇವೆ. ರೋಗಿ ಬೀದಿಗೆ ಬಿದ್ದಾಗ ಮಾತ್ರ ಸುದ್ದಿ. ಅಂದರೆ 1858ರ ಕಾಯಿದೆಯನ್ನು ಸರ್ಕಾರ ಬಿಟ್ಟರೂ ನಮ್ಮ ಸುದ್ದಿಮನೆ ಇನ್ನೂ ಪಾಲಿಸುತ್ತಿದೆ. ಇನ್ನು ಮುಂದೆ ಇಲ್ಲಿ ಆ ಪದಗಳನ್ನು ಬರೆಯುವುದಿಲ್ಲ ಎಂದು ನಾವು ತೀರ್ಮಾನಿಸಿದ್ದೇವೆ.

ಗೆಳೆಯ ಈಗ ಊರಲ್ಲೇ ಇದ್ದಾನೆ. ಬಿಟ್ಟ ಪೇಪರುಗಳನ್ನು ಬರೆದ. ಒಂದರಲ್ಲಿ ಫೇಲಾದ, ಮತ್ತೆ ಕಟ್ಟಿದ್ದಾನೆ. ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು ಬರುತ್ತಾನೆ. ಕೆಲವು ದಿನ ದನಿಗಳು ಸಣ್ಣಗೆ ಕೇಳುತ್ತವಂತೆ, ಆಗ ವೈದ್ಯರಿಗೆ ಹೇಳುತ್ತಾನೆ. ಈ ಬರಹದ ಕರಡನ್ನು ಸಂಗಮದ ಕಟ್ಟೆಯ ಮೇಲೆ ಕೂತು ಅವನೇ ಓದಿದ. ಒಂದು ಕಡೆ ತಿದ್ದಿದ. ನಾವು 13 ತಿಂಗಳು ಎಂದು ಬರೆದಿದ್ದೆವು. "14," ಎಂದ. "ನಾ ಎಣಿಸೀನಿ."